ಮಳೆನಾಡಿನಲ್ಲಿ 2ಬಿ: ಗೇಮ್ ಪಾತ್ರದ ಸ್ಕೇಲ್ ಫಿಗರ್ ತರಿಸುವುದು, ಬೂಷ್ಟು ಹಿಡಿಯದಂತೆ ಇಡುವುದು

ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಜುಲೈ ಬಂತೆಂದರೆ ಚರ್ಮದ ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ, ಬೀರುವಿನಲ್ಲಿಟ್ಟ ಕೋಟಿಗೆ ಬೂಷ್ಟು ಬರುತ್ತದೆ. ಅದೇ ಬೀರುವಿನಲ್ಲಿ 20,000 ಯೆನ್ ಕೊಟ್ಟು ತರಿಸಿದ ಫಿಗರ್, ಅಂದರೆ ಗೇಮ್ ಪಾತ್ರದ ಪ್ಲಾಸ್ಟಿಕ್ ಗೊಂಬೆ, ಇಟ್ಟರೆ ಅದಕ್ಕೇನೂ ರಿಯಾಯಿತಿ ಇಲ್ಲ. ಫಿಗರ್ ಸಂಗ್ರಹದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಏಸಿ ಕೋಣೆಯವರು ಏಸಿ ಕೋಣೆಯವರಿಗೆ ಹೇಳಿದ್ದು; ಆಗುಂಬೆಯ ಮಳೆ ಅವರ ಲೆಕ್ಕಕ್ಕೆ ಬಂದಿಲ್ಲ. ಮಲೆನಾಡಿನಲ್ಲಿ ತಲೆಯಲ್ಲಿಟ್ಟುಕೊಳ್ಳಬೇಕಾದದ್ದು ಇಷ್ಟು: ಗೊಂಬೆಗೆ ಗಾಳಿ ಬೇಕು, ಅದರ ರಟ್ಟಿನ ಡಬ್ಬಿಗೆ ಗಾಳಿಯಾಡದ ಒಣ ಜಾಗ ಬೇಕು. ಎರಡನ್ನೂ ಒಟ್ಟಿಗೆ ಇಟ್ಟರೆ ಎರಡರಲ್ಲಿ ಒಂದು ಕೆಡುತ್ತದೆ.

ಇಲ್ಲಿ ಉದಾಹರಣೆಗೆ 2017ರಲ್ಲಿ ಬಂದ ‘ನಿಯರ್: ಆಟೊಮಾಟಾ’ ವಿಡಿಯೊ ಗೇಮಿನ ಮುಖ್ಯ ಪಾತ್ರಗಳಲ್ಲೊಬ್ಬಳಾದ 2ಬಿಯನ್ನು ತೆಗೆದುಕೊಂಡಿದ್ದೇವೆ. ಕಣ್ಣಿಗೆ ಕಪ್ಪು ಪಟ್ಟಿ, ಕಪ್ಪು ಉಡುಪು, ಬೆಳ್ಳಗಿನ ಕೂದಲು, ಕೈಯಲ್ಲಿ ಉದ್ದ ಕತ್ತಿ, ಎತ್ತರದ ಹಿಮ್ಮಡಿ. ಫಿಗರಿಗೆ ಬರಬಹುದಾದ ಕಾಯಿಲೆಗಳೆಲ್ಲ ಇವಳೊಬ್ಬಳಲ್ಲೇ ಕಾಣುತ್ತವೆ: ಕಪ್ಪಿನ ಮೇಲೆ ಧೂಳು ಮತ್ತು ಬೂಷ್ಟು, ಬಿಳಿಯ ಮೇಲೆ ಹಳದಿ, ಕತ್ತಿಗೆ ಬಾಗು, ಕಾಲಿಗೆ ವಾಲು. ನಿಮ್ಮ ಮೆಚ್ಚಿನ ಪಾತ್ರ ಬೇರೆ ಯಾವುದೇ ಇರಲಿ, ಲೆಕ್ಕ ಬದಲಾಗುವುದಿಲ್ಲ.

(ಮನೆಯಲ್ಲಿ ಹಿರಿಯರ ಎದುರು ‘ಗೊಂಬೆ’ ಎನ್ನುವುದೇ ಕ್ಷೇಮ. ‘ಪಾರ್ಸೆಲ್ಲಿನಲ್ಲಿ ಒಂದು ಫಿಗರ್ ಬರ್ತಿದೆ’ ಎಂದರೆ ಬೇರೇನೋ ತಿಳಿದಾರು.)

ಅಳತೆ ಮೊದಲು, ಆಸೆ ಆಮೇಲೆ

1/8, 1/7, 1/6, 1/4 ಎಂದು ಬರೆದಿರುವುದು ಪಾತ್ರದ ಎತ್ತರದಲ್ಲಿ ಎಷ್ಟನೇ ಒಂದು ಭಾಗ ಎಂಬ ಲೆಕ್ಕ. 2ಬಿಯ ಅಧಿಕೃತ ಎತ್ತರ ಹಿಮ್ಮಡಿ ಸೇರಿ 168 ಸೆಂ.ಮೀ. ಹಾಗಾಗಿ 1/8 ಎಂದರೆ 21 ಸೆಂ.ಮೀ., 1/7 ಎಂದರೆ 24, 1/6 ಎಂದರೆ 28, 1/4 ಎಂದರೆ 42. ಇದು ನೆಟ್ಟಗೆ ನಿಂತ ಪಾತ್ರದ ಎತ್ತರ ಮಾತ್ರ. ಕೆಳಗಿನ ಪೀಠ, ಮೇಲೆತ್ತಿದ ಕತ್ತಿ, ಗಾಳಿಗೆ ಹಾರಿದ ಕೂದಲು ಇದರಲ್ಲಿ ಸೇರಿಲ್ಲ. ಜಿಗಿಯುವ ಭಂಗಿಯ 1/7 ಫಿಗರ್ 35 ಸೆಂ.ಮೀ. ಎತ್ತರವಾಗುವುದೂ ಉಂಟು, ಮಂಡಿಯೂರಿದ್ದು 16ಕ್ಕೆ ನಿಲ್ಲುವುದೂ ಉಂಟು. ಅಂಗಡಿಯ ಪುಟದಲ್ಲಿ ‘ಒಟ್ಟು ಎತ್ತರ’ ಎಂದು ಕೊಟ್ಟ ಸಂಖ್ಯೆಯನ್ನೇ ನೋಡಿ. ಅಗಲವನ್ನು ಬಹಳ ಪುಟಗಳು ಕೊಡುವುದೇ ಇಲ್ಲ, ಆದರೆ ಬೀರುವಿನ ಬಾಗಿಲು ಮುಚ್ಚದಿರುವುದು ಅಗಲದಿಂದಲೇ. ಚಿತ್ರದಲ್ಲಿ ಎತ್ತರವನ್ನೂ ಅಗಲವನ್ನೂ ಸ್ಕೇಲಿನಿಂದ ಅಳೆದು ಅನುಪಾತ ಹಾಕಿದರೆ ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಯಲ್ಲಿ ಸಿಕ್ಕಿಬಿಡುತ್ತದೆ.

ಸ್ಕೇಲ್ ಅಲ್ಲದವೂ ಇವೆ. ದೊಡ್ಡ ತಲೆಯ ನೆಂಡೊರಾಯ್ಡ್ ಸುಮಾರು 10 ಸೆಂ.ಮೀ., 2ಬಿಯದೂ ಬಂದಿದೆ. ಪಾಪ್ ಅಪ್ ಪರೇಡ್ ಸಾಲಿನ ಹೆಚ್ಚಿನವು 17–18 ಸೆಂ.ಮೀ. ಬಾನ್‌ಪ್ರೆಸ್ಟೊ, ಟೈಟೊ, ಫುರ್ಯು, ಸೆಗಾ ಮಾಡುವ ‘ಪ್ರೈಜ್ ಫಿಗರ್’ಗಳು ಜಪಾನಿನ ಗೇಮ್ ಸೆಂಟರ್‌ಗಳ ಕ್ರೇನ್ ಯಂತ್ರದಲ್ಲಿ ಬಹುಮಾನಕ್ಕೆಂದು ಮಾಡಿದವು, ಬಣ್ಣದ ಕೆಲಸ ಸರಳ, ಬೆಲೆ 2,000–4,000 ಯೆನ್ನಿನ ಆಸುಪಾಸು, ಆದರೆ ಅಪ್ಪಟ ಅಸಲಿ. ಮೊದಲ ಫಿಗರ್ ಇವುಗಳಲ್ಲೊಂದಾಗಿರಲಿ. ಒಂದು ಮಳೆಗಾಲ ಅದನ್ನು ಉಳಿಸಿಕೊಂಡರೆ ಮುಂದಿನ ವರ್ಷ 1/7ಕ್ಕೆ ಕೈಹಾಕಬಹುದು.

ಒಂದೇ ಪಾತ್ರ ಸಂಗ್ರಹಿಸುವವರು ಒಂದು ಕಟ್ಟು ಹಾಕಿಕೊಳ್ಳಲೇಬೇಕು: ಒಂದೇ ಸ್ಕೇಲಿನವು ಮಾತ್ರ, ಇಲ್ಲವೇ ಗೇಮಿನ ಮೂಲ ಉಡುಪಿನವು ಮಾತ್ರ. 1/7ರ ಪಕ್ಕ 1/4 ನಿಲ್ಲಿಸಿದರೆ ಒಂದೇ ಪಾತ್ರ ತಾಯಿ–ಮಗಳ ಹಾಗೆ ಕಾಣುತ್ತದೆ. ಅಲ್ಲದೆ 1/4 ಅಳತೆಯವು, ರೆಸಿನ್ ಪ್ರತಿಮೆಗಳು ಬೇರೆಯದೇ ಜಾತಿ. ರೆಸಿನ್ ಐದು–ಹತ್ತು ಕಿಲೊ ತೂಗುತ್ತದೆ, ಬಿದ್ದರೆ ಹೆಂಚಿನ ಹಾಗೆ ಒಡೆಯುತ್ತದೆ. ಅವನ್ನು ಈ ಲೇಖನದಿಂದ ಹೊರಗಿಟ್ಟಿದ್ದೇವೆ. ಮುಂದೆ ಹೇಳುವುದೆಲ್ಲ ಪಿವಿಸಿ ಮತ್ತು ಎಬಿಎಸ್ ಪ್ಲಾಸ್ಟಿಕ್ಕಿನ ಫಿಗರ್‌ಗಳಿಗೆ.

ನಕಲಿ ಹಿಡಿಯುವುದು ಹೇಗೆ

ದೇಶದೊಳಗಿನ ಆನ್‌ಲೈನ್ ಮಾರುಕಟ್ಟೆಗಳಲ್ಲಿ 1,200 ರೂಪಾಯಿಗೆ ‘1/7 ಸ್ಕೇಲ್ 2ಬಿ’ ಕಂಡರೆ ಅದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಷ್ಟವಾಗುವುದು ನಡುವಿನ ಬೆಲೆಯವು: 5,000–6,000 ರೂಪಾಯಿಯವು. ಪ್ರೈಜ್ ಫಿಗರ್ ಅಗ್ಗವಾದರೂ ಅಸಲಿ ಎಂದೆವಲ್ಲ, ಬೆಲೆಯೊಂದರಿಂದ ತೀರ್ಮಾನ ಮಾಡುವಂತಿಲ್ಲ.

ಮಾರುವವರಿಂದ ನಾಲ್ಕು ಫೋಟೊ ಕೇಳಿ: ಡಬ್ಬಿಯ ಮುಂಭಾಗ, ಡಬ್ಬಿಯ ತಳ, ಮುಖದ ಹತ್ತಿರದ ಚಿತ್ರ, ಪೀಠದ ಅಡಿಭಾಗ. ತಳದಲ್ಲಿ ತಯಾರಕರ ಗುರುತು ಮತ್ತು ಹಕ್ಕುದಾರರ ಸಾಲು ಇರಬೇಕು. 2ಬಿ ಆದರೆ ಗೇಮ್ ಹೊರತಂದ ಸ್ಕ್ವೇರ್ ಎನಿಕ್ಸ್ ಕಂಪನಿಯ ಹೆಸರು. ನಕಲಿ ಡಬ್ಬಿಗಳಲ್ಲಿ ತಯಾರಕರ ಗುರುತನ್ನೇ ಅಳಿಸಿರುತ್ತಾರೆ, ಆ ಜಾಗ ಮಾತ್ರ ಬೋಳಾಗಿ ಕಾಣುತ್ತದೆ. ಜಪಾನ್ ಕಂಪನಿಯ ಬಾರ್‌ಕೋಡ್ 45 ಅಥವಾ 49ರಿಂದ ಶುರುವಾಗುತ್ತದೆ, ಚೀನಾ ಕಂಪನಿಗಳದ್ದು 69ರಿಂದ. ಆದರೆ ಬಾರ್‌ಕೋಡನ್ನೂ ನಕಲು ಮಾಡಬಹುದು, ಹಾಗಾಗಿ ಇದು ಅನುಮಾನ ಹುಟ್ಟಿಸಲು ಸಾಕು, ನಂಬಿಕೆ ಹುಟ್ಟಿಸಲು ಸಾಲದು. ‘ಮೇಡ್ ಇನ್ ಚೈನಾ’ ಎಂದಿದ್ದರೆ ಹೌಹಾರಬೇಡಿ. ಫಿಗರ್ ತಯಾರಿಸುವ ಗುಡ್ ಸ್ಮೈಲ್ ಕಂಪನಿಗೆ ಜಪಾನಿನ ತೊಟ್ಟೊರಿಯಲ್ಲಿ ಕಾರ್ಖಾನೆ ಇದ್ದರೂ ಜಪಾನಿ ಬ್ರಾಂಡುಗಳ ಫಿಗರ್‌ಗಳಲ್ಲಿ ಬಹುಪಾಲು ತಯಾರಾಗುವುದು ಚೀನಾದಲ್ಲೇ.

ಕೈಗೆ ಬಂದ ಮೇಲೆ ಮುಖ ನೋಡಿ. ಅಸಲಿಯ ಚರ್ಮದ ಬಣ್ಣ ಮಬ್ಬು, ನೆರಳಿರುವ ಕಡೆ ತುಸು ಗಾಢ. ನಕಲಿಯದು ಎಣ್ಣೆ ಹಚ್ಚಿದಂತೆ ಮಿಣಮಿಣ. 2ಬಿಯ ಕಣ್ಣಿಗೆ ಪಟ್ಟಿ ಇರುವುದರಿಂದ ಕಣ್ಣಿನ ಮುದ್ರಣ ನೋಡಿ ಹೇಳುವಂತಿಲ್ಲ. ಬದಲಿಗೆ ತುಟಿಯ ಕೆಳಗಿನ ಮಚ್ಚೆ ಮತ್ತು ಉಡುಪಿನ ಅಂಚಿನ ಕಸೂತಿ ನೋಡಿ. ನಕಲಿಯಲ್ಲಿ ಕಸೂತಿಯ ಗೆರೆಗಳು ಒಂದರೊಳಗೊಂದು ಕಲಸಿಕೊಂಡಿರುತ್ತವೆ. ಡಬ್ಬಿ ತೆರೆದಾಗ ಹೊಸ ಪ್ಲಾಸ್ಟಿಕ್ ವಾಸನೆ ಸಹಜ, ಒಂದೆರಡು ದಿನದಲ್ಲಿ ಹೋಗುತ್ತದೆ. ಸೀಮೆಎಣ್ಣೆಯಂಥ ಘಾಟು ವಾರವಾದರೂ ಹೋಗದಿದ್ದರೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಹಳೆಯ ಫಿಗರ್ ಬೇಕಿದ್ದರೆ ಜಪಾನಿನ ಸೆಕೆಂಡ್‌ಹ್ಯಾಂಡ್ ಮಾರಾಟವೇ ಹೆಚ್ಚು ಭರವಸೆಯದು. ಆಮಿಆಮಿ ಎಂಬ ಜಪಾನಿನ ಆನ್‌ಲೈನ್ ಅಂಗಡಿಯಲ್ಲಿ ಗೊಂಬೆಗೊಂದು, ಡಬ್ಬಿಗೊಂದು ಬೇರೆ ಬೇರೆ ದರ್ಜೆ ಕೊಟ್ಟಿರುತ್ತಾರೆ. ಗೊಂಬೆ ‘ಎ’ ಇದ್ದು ಡಬ್ಬಿ ‘ಬಿ’ ಇರುವುದನ್ನು ಕೊಳ್ಳಿ. ಡಬ್ಬಿ ಹೇಗಿದ್ದರೂ ನಮ್ಮ ಮಳೆಗೆ ಒಂದು ದರ್ಜೆ ಇಳಿಯುವಂಥದ್ದೇ.

ಆರ್ಡರ್, ಸಾಗಣೆ, ಸುಂಕ

ಹೊಸ ಸ್ಕೇಲ್ ಫಿಗರ್‌ಗಳು ಮುಂಗಡ ಬುಕಿಂಗಿನಲ್ಲೇ ಮುಗಿಯುತ್ತವೆ. ಬುಕ್ ಮಾಡಿದ ಆರೇಳು ತಿಂಗಳಿಂದ ಒಂದು ವರ್ಷಕ್ಕೆ ಬಿಡುಗಡೆ, ಅದೂ ಮುಂದಕ್ಕೆ ಹೋಗುವುದು ಮಾಮೂಲು. ಕೆಲವು ಅಂಗಡಿಗಳು ಬುಕ್ ಮಾಡುವಾಗಲೇ ದುಡ್ಡು ಕೇಳುತ್ತವೆ, ಕೆಲವು ಬಿಡುಗಡೆಯಾದಾಗ. ಎರಡನೆಯ ಬಗೆಯಲ್ಲಿ ಒಂದು ಬಲೆಯಿದೆ: ಬೇರೆ ಬೇರೆ ತಿಂಗಳಿಗೆಂದು ಬುಕ್ ಮಾಡಿದ ಮೂರು ಫಿಗರ್ ತಡವಾಗಿ ತಡವಾಗಿ ಒಂದೇ ತಿಂಗಳು ಬಂದು ಕೂರುತ್ತವೆ. ಬುಕ್ ಮಾಡಿದ ದಿನವೇ ಆ ದುಡ್ಡನ್ನು ಬೇರೆ ತೆಗೆದಿಡಿ.

ಸಾಗಣೆಯಲ್ಲಿ ಕೊರಿಯರ್ ಕಂಪನಿಗಳು ತೂಕಕ್ಕಿಂತ ಗಾತ್ರ ನೋಡುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 35×25×25 ಅಳತೆಯ ಪೆಟ್ಟಿಗೆ ತಕ್ಕಡಿಯಲ್ಲಿ ಒಂದೂವರೆ ಕಿಲೊ ಬಂದರೂ ಬಿಲ್ಲಿನಲ್ಲಿ 4.4 ಕಿಲೊ. ಜಪಾನ್ ಅಂಚೆಯ ಇಎಂಎಸ್ ಎಂಬ ತ್ವರಿತ ಅಂಚೆಯಲ್ಲಿ ನಿಜ ತೂಕವೇ ಲೆಕ್ಕ, ಹಾಗಾಗಿ ಹಗುರವಾದ ದೊಡ್ಡ ಡಬ್ಬಿಗೆ ಅದು ಲಾಭ.

ಸುಂಕ ಬೀಳುವುದು ಫಿಗರಿನ ಬೆಲೆಗೆ ಮಾತ್ರ ಎಂದುಕೊಂಡವರು ಬಿಲ್ ನೋಡಿ ಬೆಚ್ಚುತ್ತಾರೆ. ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ ಮೊದಲು ಸುಂಕ, ಸುಂಕ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಆದ್ದರಿಂದ ಆರ್ಡರ್ ಮಾಡುವ ವಾರ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ತಾಣದಲ್ಲೇ ನೋಡಿಕೊಳ್ಳಿ. ಒಟ್ಟಾರೆ, ಫಿಗರಿನ ಬೆಲೆಯ ಒಂದೂವರೆಯಿಂದ ಎರಡು ಪಟ್ಟು ಕೈಯಲ್ಲಿಲ್ಲದೆ ಬುಕ್ ಮಾಡಬೇಡಿ. ಪಾರ್ಸೆಲ್ಲಿನ ಮೇಲೆ ‘ಗಿಫ್ಟ್’ ಎಂದು ಬರೆಸುವುದು, ಬೆಲೆ ಇಳಿಸಿ ಬರೆಸುವುದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ದಂಡ, ಕಳೆದುಹೋದರೆ ವಿಮೆಯೂ ಇಳಿಸಿದ ಬೆಲೆಗೇ. ಆರ್ಡರ್ ರಸೀದಿ, ಹಣ ಕಟ್ಟಿದ ದಾಖಲೆ, ಗುರುತಿನ ಚೀಟಿಯ ಪ್ರತಿ ಈ ಮೂರನ್ನು ಫೋನಿನಲ್ಲಿ ಸಿದ್ಧವಾಗಿಟ್ಟಿರಿ. ಕೊರಿಯರಿನವರು ಕೇಳಿದ ದಿನವೇ ಕಳಿಸಿದರೆ ಪಾರ್ಸೆಲ್ ಗೋದಾಮಿನಲ್ಲಿ ಕೊಳೆಯುವುದಿಲ್ಲ.

ವಿಳಾಸದ ವಿಷಯ ಸಣ್ಣದೆನಿಸುತ್ತದೆ, ಆದರೆ ಕೊನೆಯ ಹದಿನೈದು ಕಿ.ಮೀ.ನಲ್ಲಿ ಡಬ್ಬಿ ಹಾಳಾದಷ್ಟು ಜಪಾನಿನಿಂದ ಬೆಂಗಳೂರಿಗೆ ಬರುವಾಗ ಆಗುವುದಿಲ್ಲ. ತೋಟದ ಒಂಟಿ ಮನೆಗೆ ಬಾಗಿಲ ನಂಬರ್ ಇರುವುದಿಲ್ಲ. ಪಾರ್ಸೆಲ್ಲನ್ನು ಬಸ್‌ಸ್ಟಾಪಿನ ಅಂಗಡಿಯಲ್ಲಿಟ್ಟು ಹೋಗುತ್ತಾರೆ, ಅಲ್ಲಿ ಅದು ಹಿಂಡಿ ಮೂಟೆಯ ಕೆಳಗೆ ಎರಡು ದಿನ ಕೂರುತ್ತದೆ. ಶಿವಮೊಗ್ಗದಲ್ಲೋ ಸಾಗರದಲ್ಲೋ ಪೇಟೆಯೊಳಗಿರುವ ನೆಂಟರ ವಿಳಾಸ ಕೊಡಿ. ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ಅಲ್ಲಿ ಇಳಿಸಿಕೊಂಡು ತಾಳಗುಪ್ಪದ ರೈಲಿನಲ್ಲಿ ಕೈಯಲ್ಲೇ ತರುವುದು ಇನ್ನೂ ಒಳ್ಳೆಯದು. ಆಗುವುದಾದರೆ ಪಾರ್ಸೆಲ್ ಅಕ್ಟೋಬರಿನಿಂದ ಮೇ ನಡುವೆ ಬರುವಂತೆ ನೋಡಿಕೊಳ್ಳಿ. ಕೆಲವು ಅಂಗಡಿಗಳು ಕೇಳಿದರೆ ಕೆಲ ವಾರ ತಮ್ಮಲ್ಲೇ ಹಿಡಿದಿಡುತ್ತವೆ. ಆರಿದ್ರಾ ಮಳೆಯಲ್ಲಿ ಬಂದ ಹೊರಪೆಟ್ಟಿಗೆಯನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ. ಒದ್ದೆ ರಟ್ಟನ್ನು ಜಗಲಿಯಲ್ಲೇ ಬಿಚ್ಚಿ, ಒಳಗಿನದನ್ನು ಮಾತ್ರ ಒಳಗೆ ತನ್ನಿ.

ಡಬ್ಬಿ ತೆರೆಯುವಾಗ

ಮೊದಲು ಹೊರಪೆಟ್ಟಿಗೆಯ ಆರೂ ಬದಿಯ ಫೋಟೊ ತೆಗೆಯಿರಿ, ಜಜ್ಜಿದ್ದರೆ ದೂರು ಕೊಡಲು ಬೇಕಾಗುತ್ತದೆ. ಬಣ್ಣದ ಡಬ್ಬಿಯ ಅಂಟುಪಟ್ಟಿಯನ್ನು ಕೀಳಬೇಡಿ, ಬ್ಲೇಡಿನಲ್ಲಿ ಗೀರಿ. ಕಿತ್ತರೆ ಮುದ್ರಣವೂ ಜೊತೆಗೆ ಬರುತ್ತದೆ. ಒಳಗಿನ ಪಾರದರ್ಶಕ ಪ್ಲಾಸ್ಟಿಕ್ ಅಚ್ಚನ್ನು ಹೊರಗೆಳೆದು, ಯಾವ ತುಂಡು ಎಲ್ಲಿತ್ತು, ತೆಳು ಪ್ಲಾಸ್ಟಿಕ್ ಹಾಳೆ ಎಲ್ಲೆಲ್ಲಿ ಸುತ್ತಿತ್ತು ಎಂದು ಇನ್ನೊಂದು ಫೋಟೊ. ಆ ಹಾಳೆಗಳನ್ನು ಎಸೆಯಬಾರದು. ಕಪ್ಪು ಉಡುಪು ಬಿಳಿ ಕಾಲಿಗೆ ತಾಗಿ ಬಣ್ಣ ಇಳಿಯದಂತೆ ತಡೆಯುವುದು ಅವೇ.

ಈಗ ಕತ್ತಿ, ಪೀಠ. ಕಾಲಡಿಯ ಪೆಗ್ (ಸಣ್ಣ ಗೂಟ) ಪೀಠದ ರಂಧ್ರಕ್ಕೆ ಹೋಗದಿದ್ದರೆ ಒತ್ತಬೇಡಿ. ಇಬ್ಬನಿ ಬೀಳುವ ಡಿಸೆಂಬರಿನ ಬೆಳಿಗ್ಗೆ ಪಿವಿಸಿ ಗಡುಸಾಗಿರುತ್ತದೆ, ಒತ್ತಿದರೆ ಮುರಿಯುವುದು ಪೆಗ್ ಅಲ್ಲ, ತೆಳುವಾದ ಪಾದದ ಕೀಲು. ರಂಧ್ರವಿರುವ ಕಡೆಗೆ ಹೇರ್ ಡ್ರೈಯರನ್ನು 15 ಸೆಂ.ಮೀ. ದೂರದಿಂದ ಅರ್ಧ ನಿಮಿಷ ಹಿಡಿಯಿರಿ, ಅಥವಾ ಆ ತುಂಡನ್ನಷ್ಟೇ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಒರೆಸಿ. ರಂಧ್ರ ಹಿಗ್ಗಿ ಪೆಗ್ ತಾನಾಗಿ ಕೂರುತ್ತದೆ. ಮರಳುಕಾಗದದಲ್ಲಿ ಪೆಗ್ ಉಜ್ಜುವುದು ಕೊನೆಯ ದಾರಿ; ಉಜ್ಜಿದ್ದು ಮತ್ತೆ ಬಿಗಿಯಾಗುವುದಿಲ್ಲ, ಗೊಂಬೆ ಆಮೇಲೆ ಜೀವಮಾನವಿಡೀ ತೊನೆಯುತ್ತದೆ.

ಮುರಿದೇ ಹೋದರೆ ಫೆವಿಕ್ವಿಕ್ ಎತ್ತಿಕೊಳ್ಳುವ ಮುಂಚೆ ಹೊರಗೆ ಮಳೆ ಇದೆಯೇ ನೋಡಿ. ಆ ಅಂಟಿನ ಆವಿ ತೇವದ ಗಾಳಿಯಲ್ಲಿ ಸುತ್ತಲ ಮೇಲ್ಮೈಗೆ ಬಿಳಿ ಪುಡಿಯಾಗಿ ಕೂರುತ್ತದೆ. 2ಬಿಯ ಕಪ್ಪು ಬೂಟಿನ ಮೇಲೆ ಅದು ವಿಭೂತಿ ಬಳಿದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಎರಡು ಟ್ಯೂಬಿನ ಎಪಾಕ್ಸಿ ಅಂಟು ಒಳ್ಳೆಯದು: ಸಮಸಮ ಕಲಸಿ, ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು. ಭಾರ ಹೊರುವ ಕೀಲಾದರೆ ಎರಡೂ ತುಂಡಿಗೆ ಸಣ್ಣ ಕೈಬೈರಿಗೆಯಿಂದ ತೂತು ಕೊರೆದು 1 ಎಂ.ಎಂ. ಹಿತ್ತಾಳೆ ತಂತಿ ಸೇರಿಸಿ ಅಂಟಿಸಿ.

ಗೊಂಬೆಗೆ ಗಾಳಿ

ಪಿವಿಸಿ ಹುಟ್ಟಿನಿಂದ ಗಡಸು. ಕೂದಲು, ಉಡುಪು ಬಾಗುವಂತಾಗಲು ಅದಕ್ಕೆ ಎಣ್ಣೆಯಂಥ ಮೆದುಕಾರಕ ಸೇರಿಸುತ್ತಾರೆ. ವರ್ಷಗಳು ಕಳೆದಂತೆ ಅದು ನಿಧಾನವಾಗಿ ಮೇಲ್ಮೈಗೆ ಬರುತ್ತದೆ. ಗಾಳಿಯಾಡುವ ಕಡೆ ಆರಿಹೋಗುತ್ತದೆ. ಮುಚ್ಚಿದ ಡಬ್ಬದಲ್ಲಿ, ಬಿಸಿಯಲ್ಲಿ, ಮೇಲೇ ಉಳಿದು ಕೈಗೆ ಜಿಗಿಜಿಗಿ ಅಂಟುತ್ತದೆ. ಆ ಜಿಗುಟಿಗೆ ಧೂಳು ಕೂರುತ್ತದೆ, ಧೂಳಿಗೆ ತೇವ ಸೇರಿದರೆ ಬೂಷ್ಟು. ಬೂಷ್ಟಿಗೆ ಊಟ ಸಿಗುವುದು ಪ್ಲಾಸ್ಟಿಕ್ಕಿನಿಂದಲ್ಲ, ಈ ಜಿಡ್ಡು, ಧೂಳು ಮತ್ತು ನಮ್ಮ ಬೆರಳಿನ ಎಣ್ಣೆಯಿಂದ. ಸಿಲಿಕಾ ಜೆಲ್ ಹಾಕಿ ಗೊಂಬೆಯನ್ನು ವರ್ಷಗಟ್ಟಲೆ ಡಬ್ಬದಲ್ಲಿ ಭದ್ರಪಡಿಸಿದವರಿಗೆ ಬೂಷ್ಟಿಲ್ಲದ, ಆದರೆ ಬೆಲ್ಲದ ಪಾಕ ಸುರಿದಂಥ ಗೊಂಬೆ ಸಿಗುವುದು ಇದಕ್ಕೇ.

ಎಲ್ಲಿ ಇಡಬಾರದು ಎಂಬುದನ್ನು ಮೊದಲು ಹೇಳಿಬಿಡೋಣ. ಜಂಬಿಟ್ಟಿಗೆ ಗೋಡೆಯ ಗೂಡು ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ಆ ಗೋಡೆ ನೀರು ಕುಡಿದು ಕೂತಿರುತ್ತದೆ. ನಾಗಂದಿಗೆಯ ಮೇಲೆ ಹೊಗೆ, ಮಸಿ. ಅಟ್ಟ ಅಂತೂ ಬೇಡವೇ ಬೇಡ: ಏಪ್ರಿಲ್‌ನಲ್ಲಿ ಹೆಂಚಿನ ಕಾವು, ಜುಲೈಯಲ್ಲಿ ಸೋರಿಕೆ, ವರ್ಷವಿಡೀ ಇಲಿ. ಬಚ್ಚಲೊಲೆಗೂ ಅಡುಗೆಮನೆಗೂ ದೂರವಿರಲಿ. ಸೊಳ್ಳೆ ಬತ್ತಿ, ಧೂಪ ದಿನಾ ಹಚ್ಚುವ ಕೋಣೆಯಲ್ಲಿ 2ಬಿಯ ಬಿಳಿ ಕೂದಲು ಕೆಲವೇ ವರ್ಷಗಳಲ್ಲಿ ಹಳೇ ಪಂಚೆಯ ಬಣ್ಣಕ್ಕೆ ಬರುತ್ತದೆ.

ಒಳಗೋಡೆಯ ಬದಿಗೆ, ಆದರೆ ಗೋಡೆಯಿಂದ ಮೂರು ಅಂಗುಲ ಬಿಟ್ಟು ನಿಲ್ಲುವ ಗಾಜಿನ ಕಪಾಟು ಮಾಡಿಸಿ. ಸಾಗರ–ಸೊರಬದ ಗುಡಿಗಾರರ ಗಂಧದ ಕೆತ್ತನೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಭ್ಯಾಸವಿರುವ ಊರುಗಳು ಇವು, ಆಚಾರಿಗಳಿಗೆ ಕೆಲಸ ಹೊಸದಲ್ಲ. ಅವರಿಗೆ ಹೇಳಬೇಕಾದ್ದು ಹೀಗೆ. ಚೌಕಟ್ಟಿಗೆ ಮರ ಅಥವಾ ನೀರು ತಡೆಯುವ ಪ್ಲೈವುಡ್. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಎರಡೇ ಮಳೆಗೆ ಉಬ್ಬುತ್ತದೆ. ನಡುವಿನ ಹಲಗೆ 6 ಎಂ.ಎಂ. ಗಾಜು, ಉದ್ದ 60 ಸೆಂ.ಮೀ. ಮೀರದಿರಲಿ. ಹಲಗೆಗಳ ನಡುವೆ 38 ಸೆಂ.ಮೀ. ಬಿಟ್ಟರೆ ಹೆಚ್ಚಿನ 1/7ಗಳು ಹಿಡಿಯುತ್ತವೆ. ಹಿಂದಿನ ಹಲಗೆಯಲ್ಲಿ ಕೆಳಗೆರಡು, ಮೇಲೆರಡು 25 ಎಂ.ಎಂ. ತೂತು, ಒಳಗಿನಿಂದ ಸ್ಟೀಲ್ ಜಾಲರಿ ಬಡಿದು. ಕೆಳಗಿಂದ ಬಂದ ಗಾಳಿ ಮೇಲಿಂದ ಹೋಗುತ್ತದೆ. ಜಾಲರಿ ಬಿಟ್ಟರೆ ಹಲ್ಲಿ ಒಳಗೆ ಸಂಸಾರ ಹೂಡುತ್ತದೆ. ಹಲ್ಲಿಯ ಹಿಕ್ಕೆ ಮಬ್ಬು ಬಣ್ಣದ ಮೇಲೆ ಒಣಗಿದರೆ ಕಲೆ ಪೂರ್ತಿ ಹೋಗುವುದಿಲ್ಲ. ಕುಂಬಾರ ಹುಳವೂ ಅಷ್ಟೇ, ಕತ್ತಿ ಹಿಡಿದ ಕೈಯ ಸಂದಿನಲ್ಲಿ ಮಣ್ಣಿನ ಗೂಡು ಕಟ್ಟಿ ಹೋಗಿರುತ್ತದೆ. ಹೊಸ ಪಾಲಿಶ್, ಹೊಸ ಪ್ಲೈವುಡ್ಡಿನ ಘಾಟು ಇಳಿಯಲು ಮೂರು ವಾರ ಖಾಲಿ ಬಿಟ್ಟು ಆಮೇಲೆ ಗೊಂಬೆ ಇಡಿ.

ದೀಪಕ್ಕೆ 12 ವೋಲ್ಟಿನ ಎಲ್ಇಡಿ ಪಟ್ಟಿ ಸಾಕು, ಅಡಾಪ್ಟರ್ ಕಪಾಟಿನ ಹೊರಗೆ. ಪಶ್ಚಿಮದ ಕಿಟಕಿಗೆ ಎದುರಾಗಿ ಇಡಬೇಡಿ, ಬಿಳಿ ಹಳದಿಯಾಗುವುದರಲ್ಲಿ ಹೊಗೆಗಿಂತ ಬಿಸಿಲೇ ಮುಂದು.

300–400 ರೂಪಾಯಿಯ ಡಿಜಿಟಲ್ ತೇವಮಾಪಕವೊಂದನ್ನು ಒಳಗಿಡಿ. ಶೇಕಡಾ 45ರಿಂದ 60ರ ನಡುವೆ ಇದ್ದರೆ ನಿಶ್ಚಿಂತೆ. 75 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಆಹ್ವಾನ. ಪುನರ್ವಸು, ಪುಷ್ಯದ ಜಡಿಮಳೆಯಲ್ಲಿ ಅದು 90 ತೋರಿಸುತ್ತದೆ. ಆಗ ಕಪಾಟಿನ ತಳದಲ್ಲಿ, ಗೊಂಬೆಯಿಂದ ಒಂದಡಿ ದೂರದಲ್ಲಿ, ಹಳೆಯ ಕಾಲದ ತಂತಿ ಬಲ್ಬು, 15 ವ್ಯಾಟಿನದು, ಉರಿಸಿ. ಕ್ಯಾಮೆರಾ ಇಟ್ಟುಕೊಂಡವರ ಹಳೇ ಉಪಾಯ ಇದು. 23 ಡಿಗ್ರಿಯ, ಶೇ. 90 ತೇವದ ಗಾಳಿ ಮೂರು ಡಿಗ್ರಿ ಬಿಸಿಯಾದರೆ ಸಾಕು, ತೇವ 75ಕ್ಕೆ ಇಳಿಯುತ್ತದೆ. ಈಗ ಅಂಗಡಿಯಲ್ಲಿ ‘ಜೀರೊ ಬಲ್ಬ್’ ಎಂದು ಕೇಳಿದರೆ ಅರ್ಧ ವ್ಯಾಟಿನ ಎಲ್ಇಡಿ ಕೊಡುತ್ತಾರೆ, ಅದರಲ್ಲಿ ಬೆಳಕುಂಟು, ಕಾವಿಲ್ಲ, ನೋಡಿ ತನ್ನಿ. ಕರೆಂಟು ಎರಡು ದಿನ ಹೋದರೆ ಈ ಉಪಾಯವೂ ಹೋಯಿತು. ಆಗ ಮಾಡಬೇಕಾದ್ದು, ಕರೆಂಟು ಬಂದೊಡನೆ ಕಪಾಟಿನ ಬಾಗಿಲು ತೆರೆದು ಟೇಬಲ್ ಫ್ಯಾನನ್ನು ಅರ್ಧ ಗಂಟೆ ತಿರುಗಿಸಿ, ಆಮೇಲೆ ಬಾಗಿಲು ಮುಚ್ಚಿ ಬಲ್ಬು ಹಾಕುವುದು.

ನುಸಿಗುಳಿಗೆ, ಕರ್ಪೂರ ಎರಡೂ ಕಪಾಟಿನೊಳಗೆ ಬರಕೂಡದು. ಬಟ್ಟೆ ಬೀರುವಿನ ಅಭ್ಯಾಸದಿಂದ ಮನೆಯವರು ಒಳ್ಳೆಯದಕ್ಕೇ ಎರಡು ಗುಳಿಗೆ ಹಾಕಿಬಿಡುತ್ತಾರೆ. ಅವುಗಳ ಆವಿ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಮೆತ್ತಗೆ ಮಾಡುತ್ತದೆ. ಕೀಲಿ ನಿಮ್ಮ ಹತ್ತಿರವೇ ಇರಲಿ.

ಡಬ್ಬಿಗೆ ಒಣ ಜಾಗ

ಡಬ್ಬಿ ಇದ್ದರೆ ಮುಂದೆ ಮಾರುವಾಗ ಬೆಲೆ, ಮನೆ ಬದಲಿಸುವಾಗ ರಕ್ಷಣೆ. ಅದಕ್ಕೆ ಒಳಅಚ್ಚಿನ ಸಮೇತ ಹಿಡಿಯುವ, ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ 70 ಲೀಟರಿನ ಪ್ಲಾಸ್ಟಿಕ್ ಡಬ್ಬ ತನ್ನಿ. ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆ ಪಾತ್ರೆ–ಪ್ಲಾಸ್ಟಿಕ್ ಅಂಗಡಿಗಳಲ್ಲಿ ಮುಚ್ಚಳ ತೆಗೆದು ಪಟ್ಟಿ ಸುತ್ತಲೂ ಇದೆಯೇ ನೋಡಿ ಕೊಳ್ಳಿ. 1/7ರ ಎರಡು ಡಬ್ಬಿ ಅದರಲ್ಲಿ ಹಿಡಿಯುತ್ತವೆ.

ಸಿಲಿಕಾ ಜೆಲ್ ಎಷ್ಟು? ಔಷಧಿ ಬಾಟಲಿಯಲ್ಲಿ ಬರುವ ಪುಟಾಣಿ ಪೊಟ್ಟಣ ನಾಲ್ಕು ಹಾಕಿ ಸುಮ್ಮನಾಗುವವರೇ ಹೆಚ್ಚು, ಅದು ಏನೂ ಸಾಲದು. 70 ಲೀಟರ್ ಗಾಳಿಯಲ್ಲಿರುವ ನೀರು ಎರಡು ಗ್ರಾಂ ಕೂಡ ಇಲ್ಲ. ನೀರು ಅಡಗಿರುವುದು ರಟ್ಟಿನಲ್ಲಿ. ಮಳೆಗಾಲದ ಗಾಳಿಯಲ್ಲಿದ್ದ 400 ಗ್ರಾಂ ರಟ್ಟು ಒಣಗಿ ನೆಮ್ಮದಿಯ ಮಟ್ಟಕ್ಕೆ ಬರಬೇಕಾದರೆ ಸುಮಾರು 40 ಗ್ರಾಂ ನೀರು ಬಿಡಬೇಕು. ಸಿಲಿಕಾ ಜೆಲ್ ಆ ಮಟ್ಟದಲ್ಲಿ ತನ್ನ ತೂಕದ ಕಾಲು ಭಾಗದಷ್ಟು ನೀರು ಹಿಡಿಯುತ್ತದೆ. ಅಂದರೆ ಒಂದು ಡಬ್ಬಿಗೆ 160 ಗ್ರಾಂ, ಮುಚ್ಚಳದ ಸೋರಿಕೆಗೆಂದು ಇನ್ನಷ್ಟು; ಎರಡು ಡಬ್ಬಿಗೆ 500 ಗ್ರಾಂ ಎಂದಿಟ್ಟುಕೊಳ್ಳಿ. ಇನ್ನೂ ಜಾಣತನ ಬೇಕೆಂದರೆ ಮೇ ತಿಂಗಳ ಒಣ ಮಧ್ಯಾಹ್ನ, ರಟ್ಟು ತಾನೇ ಒಣಗಿರುವಾಗ, ತುಂಬಿ ಮುಚ್ಚಿಬಿಡಿ. ಅದೇ 500 ಗ್ರಾಂ ಮಳೆಗಾಲ ಪೂರ್ತಿ ತಡೆಯುತ್ತದೆ. ಡಬ್ಬವನ್ನು ನೆಲಕ್ಕೆ ಇಡದೆ ಮಣೆಯ ಮೇಲಿಡಿ, ಒರಲೆಗೆ ದಾರಿ ತಪ್ಪುತ್ತದೆ.

ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಕೊಳ್ಳಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟಿನ ವಿಷವಿದೆ. ಬಣ್ಣಕ್ಕಿಂತ ನಂಬಿಗಸ್ತ ಅಡುಗೆಮನೆಯ ತಕ್ಕಡಿ: 500 ಗ್ರಾಂ ಇದ್ದದ್ದು 600 ತೂಗಿದರೆ ಹುರಿಯುವ ಹೊತ್ತು. ಓವನ್ ಇದ್ದರೆ 120 ಡಿಗ್ರಿಯಲ್ಲಿ ಎರಡು ಗಂಟೆ. ಇಲ್ಲದಿದ್ದರೆ, ಮತ್ತೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ತೆಳ್ಳಗೆ ಹರಡಿ ಸಣ್ಣ ಉರಿಯಲ್ಲಿ, ಅವಲಕ್ಕಿ ಹುರಿದ ಹಾಗೆ ಕೈಯಾಡಿಸುತ್ತ ಅರ್ಧ ಗಂಟೆ, ಕಿಟಕಿ ತೆರೆದಿಟ್ಟು. ಉರಿ ಜೋರಾದರೆ ಕಾಳು ಕಪ್ಪಾಗಿ ಬಣ್ಣ ಬದಲಾಯಿಸುವುದನ್ನೇ ಮರೆಯುತ್ತದೆ. ಆರುವ ತನಕ ಕಾಯದೆ, ಉಗುರುಬೆಚ್ಚಗಿರುವಾಗಲೇ ಬಿಗಿ ಡಬ್ಬಿಗೆ ತುಂಬಿ. ನಮ್ಮ ಗಾಳಿಯಲ್ಲಿ ತೆರೆದಿಟ್ಟರೆ ಆರುವಷ್ಟರಲ್ಲಿ ಮತ್ತೆ ಕುಡಿಯಲು ಶುರುಮಾಡಿರುತ್ತದೆ.

ತೊಳೆಯುವುದು, ನೆಟ್ಟಗೆ ಮಾಡುವುದು

ವಾರಕ್ಕೊಮ್ಮೆ ಮೇಕಪ್ಪಿನ ಮೆತ್ತನೆ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಧೂಳು ಹೊಡೆಯಿರಿ. ಜಿಗುಟಾಗಿದ್ದರೆ ತೊಳೆಯಬೇಕು: ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ, ಮಕ್ಕಳ ಟೂತ್‌ಬ್ರಷ್, ಆಮೇಲೆ ಬರೀ ನೀರು. ಸ್ಯಾನಿಟೈಸರ್, ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಯಾವುದೂ ಬೇಡ, ಬೂಷ್ಟಿನ ಜೊತೆ ಬಣ್ಣವೂ ಬರುತ್ತದೆ. ತೊಳೆದ ಮೇಲೆ ಮುಂಗುರುಳಿನ ತುಂಡು ಬಿಚ್ಚುವಂತಿದ್ದರೆ ಬಿಚ್ಚಿ ತಲೆಯೊಳಗಿನ ನೀರು ಕೊಡವಿ. ಟೊಳ್ಳು ತಲೆಯಲ್ಲಿ ನಿಂತ ನೀರು ಒಳಗಿನಿಂದ ಬೂಷ್ಟು ಕಟ್ಟುತ್ತದೆ, ಹೊರಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಫ್ಯಾನಿನ ಕೆಳಗೆ ಒಂದು ಇಡೀ ದಿನ ಒಣಗಲಿ. ಜುಲೈ, ಆಗಸ್ಟಿನಲ್ಲಿ ಮಾತ್ರ ತೊಳೆಯುವ ಸಾಹಸ ಬೇಡ. ಬೂಷ್ಟು ಕಂಡರೆ ಜಗಲಿಗೆ ಒಯ್ದು ಒಣ ಬ್ರಷ್ಷಿನಿಂದ ತೆಗೆದು, ಸಾಬೂನು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಫ್ಯಾನಿಗಿಡಿ. ಡಬ್ಬಿಗೆ ಬಂದ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ರಟ್ಟಿನೊಳಕ್ಕೇ ಇಳಿಯುತ್ತದೆ. ಮೊದಲು ಒಣಗಿಸಿ, ಆಮೇಲೆ ಬ್ರಷ್.

ಮಳೆ ಬಿಟ್ಟು ಬಿಸಿಲು ಬಂದ ದಿನ ಕಂಬಳಿ, ಹಾಸಿಗೆ, ಪುಸ್ತಕ ಎಲ್ಲವೂ ಅಂಗಳಕ್ಕೆ ಬರುತ್ತವೆ. ಆ ಭರದಲ್ಲಿ ಗೊಂಬೆಯನ್ನೂ ಅಡಿಕೆ ಚಪ್ಪರಕ್ಕೆ ಏರಿಸಬೇಡಿ. ಕಪ್ಪು ಪ್ಲಾಸ್ಟಿಕ್ ಬಿಸಿಲಲ್ಲಿ ಬೇಗ ಕಾಯುತ್ತದೆ, ಹಿಮ್ಮಡಿಯ ತೆಳು ಕೀಲು ಮೆತ್ತಗಾಗಿ ಇಡೀ ಭಾರಕ್ಕೆ ಬಾಗುತ್ತದೆ.

ಬಾಗಿದ್ದನ್ನು ನೆಟ್ಟಗೆ ಮಾಡಲು 60–70 ಡಿಗ್ರಿಯ ನೀರು ಬೇಕು. ಹಂಡೆಯ ನೀರಿನಲ್ಲಿ ಬೆರಳಿಟ್ಟರೆ ಒಂದು ಕ್ಷಣಕ್ಕಿಂತ ಹೆಚ್ಚು ತಾಳದಷ್ಟು. ಗೊಂಬೆಯನ್ನು ಪೀಠದಿಂದ ಬಿಡಿಸಿ, ಬಾಗಿದ ಪಾದವನ್ನಷ್ಟೇ ಒಂದೆರಡು ನಿಮಿಷ ಅದ್ದಿ. ಹೊರತೆಗೆದು ವಾಲಿದ್ದ ದಿಕ್ಕಿಗೆ ಎದುರಾಗಿ, ನೆಟ್ಟಗಿರಬೇಕಾದ್ದಕ್ಕಿಂತ ತುಸುವೇ ಹೆಚ್ಚು ಬಾಗಿಸಿ ಹಿಡಿದು, ಹಿಡಿದಂತೆಯೇ ತಣ್ಣೀರಿಗೆ ಅದ್ದಿ, ಒಂದು ನಿಮಿಷ ಹಿಡಿತ ಬಿಡಬೇಡಿ. ಒಂದೇ ಸಲಕ್ಕೆ ಸರಿಯಾಗದಿದ್ದರೆ ಜೋರು ಮಾಡದೆ ಇನ್ನೊಮ್ಮೆ ಕಾಯಿಸಿ. ಕತ್ತಿಗೂ ಇದೇ ವಿಧಾನ, ಆದರೆ ಕತ್ತಿ ಎಬಿಎಸ್‌ನದಾದರೆ ಈ ಬಿಸಿಗೆ ಬಗ್ಗದು, ಬಲವಂತ ಮಾಡಿದರೆ ಪಟ್ಟೆಂದು ಮುರಿಯುತ್ತದೆ. ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ: ಮೊಬೈಲ್ ಚಾರ್ಜರಿನ ಮೈಯಂತೆ ಟಕ್ ಎಂದರೆ ಎಬಿಎಸ್, ಮಂದವಾಗಿ ಕೇಳಿದರೆ ಪಿವಿಸಿ. ನೆಟ್ಟಗಾದ ಕಾಲು ಮತ್ತೆ ವಾಲುವ ಸ್ವಭಾವದ್ದೇ, ಹಾಗಾಗಿ ಮಾರ್ಚ್ ಬರುವ ಮುಂಚೆ ಸೊಂಟದ ಹಿಂದೆ, ಉಡುಪಿನ ಮಡಿಕೆಯಲ್ಲಿ ಕಾಣದಂತೆ, 3 ಎಂ.ಎಂ. ಅಕ್ರಿಲಿಕ್ ಕಡ್ಡಿಯೊಂದನ್ನು ಪೀಠದಿಂದ ಊರುಗೋಲಾಗಿ ಕೊಡಿ. ಕಡ್ಡಿ ಮೈಗೆ ತಾಗುವ ತುದಿಗೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರು ಸುತ್ತಿ. ಎಸೆಯಬೇಡಿ ಎಂದಿದ್ದೆವಲ್ಲ, ಅದೇ ಹಾಳೆ.